ತುಳುನಾಡಿನ ಇತಿಹಾಸ: ಚೆನ್ನಾಗಿ ತಿಳಿದಿರಬೇಕಾದ ಕಾಲಘಟ್ಟಗಳು ಮತ್ತು ಅವುಗಳನ್ನು ಓದುವ ಕ್ರಮ

ಮೌರ್ಯರು, ಗುಪ್ತರು, ದೆಹಲಿ ಸುಲ್ತಾನರು, ಮೊಘಲರು, ಬ್ರಿಟಿಷರು. ಶಾಲೆಯಲ್ಲಿ ಕಲಿತ ಈ ಪಟ್ಟಿ ಹಿಡಿದು ಉಡುಪಿ, ಮಂಗಳೂರಿನ ಇತಿಹಾಸ ಓದಲು ಹೊರಟವರು ಮೊದಲ ತಿಂಗಳಲ್ಲೇ ದಾರಿ ತಪ್ಪುತ್ತಾರೆ. ಮೊಘಲರು ಘಟ್ಟ ಇಳಿದು ಇಲ್ಲಿ ಆಳಲೇ ಇಲ್ಲ. ಆ ಪಟ್ಟಿಯಲ್ಲಿ ಹೆಸರೇ ಇಲ್ಲದ ಆಳುಪರು ಇಲ್ಲಿ ಏಳು ನೂರು ವರ್ಷ ಆಳಿದರು. ರಾಜಧಾನಿಗಳು ಘಟ್ಟದ ಮೇಲೆ ಬದಲಾಗುತ್ತಿದ್ದರೂ ಕೆಳಗೆ ಚೌಟ, ಬಂಗ, ಅಜಿಲ, ಸಾವಂತ ಮನೆತನಗಳು ತಮ್ಮ ಬೀಡುಗಳಲ್ಲಿ ಕೂತೇ ಇದ್ದವು. ಹಾಗಾಗಿ ಇಲ್ಲಿ ಕಾಲವನ್ನು ವಿಭಾಗಿಸುವಾಗ ಸಿಂಹಾಸನದಲ್ಲಿ ಯಾರಿದ್ದರು ಎಂಬುದಕ್ಕಿಂತ ಗೇಣಿಯ ಅಕ್ಕಿ ಯಾರಿಗೆ ಹೋಗುತ್ತಿತ್ತು, ಬಂದರಿನ ಸುಂಕ ಯಾರ ಕೈಯಲ್ಲಿತ್ತು ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳ ಉತ್ತರ ಬದಲಾದಲ್ಲಿ ಕಾಲಘಟ್ಟವೂ ಬದಲಾಯಿತು ಎಂದರ್ಥ.

ಮೊದಲು ಕಾಲಪಟ್ಟಿ ಮಾಡಿಕೊಳ್ಳಿ

ಪುಸ್ತಕ ತೆರೆಯುವ ಮೊದಲು ಐದು ಎ4 ಹಾಳೆಗಳನ್ನು ಅಡ್ಡಲಾಗಿ ಸಾಲಿಗೆ ಇಟ್ಟು, ಒಂದರ ಅಂಚು ಇನ್ನೊಂದರ ಮೇಲೆ 1 ಸೆಂ.ಮೀ. ಬರುವಂತೆ ಅಂಟಿಸಿ. ಸುಮಾರು 144 ಸೆಂ.ಮೀ. ಉದ್ದದ ಪಟ್ಟಿಯಾಗುತ್ತದೆ. ಒಂದು ಶತಮಾನಕ್ಕೆ 10 ಸೆಂ.ಮೀ. ಇಟ್ಟರೆ ಕ್ರಿ.ಶ. 600ರಿಂದ 2000ದವರೆಗಿನ ಹದಿನಾಲ್ಕು ಶತಮಾನ ಅದರಲ್ಲಿ ಸರಿಯಾಗಿ ಕೂರುತ್ತದೆ, 1 ಮಿ.ಮೀ. ಅಂದರೆ ಒಂದು ವರ್ಷ. ಉದ್ದಕ್ಕೆ ಮೂರು ಸಾಲು ಎಳೆಯಿರಿ. ಮೇಲಿನದು ಘಟ್ಟದ ಮೇಲಿನ ಪ್ರಭುಗಳಿಗೆ, ನಡುವಿನದು ಸ್ಥಳೀಯ ಅರಸರಿಗೆ, ಕೆಳಗಿನದು ಕಡಲಿಗೆ: ಅರಬರು, ಪೋರ್ಚುಗೀಸರು, ಇಂಗ್ಲಿಷರು, ಹಡಗು, ಬಂದರು.

ಪಟ್ಟಿಯನ್ನು ಪೆನ್ಸಿಲಿನಲ್ಲೇ ತುಂಬಿ. ಶಾಸನದಲ್ಲಿ ಕಾಲ ಬರೆದಿದ್ದರೆ ಗಟ್ಟಿ ಗೆರೆ, ಲಿಪಿ ನೋಡಿ ವಿದ್ವಾಂಸರು ಅಂದಾಜಿಸಿದ್ದರೆ ಚುಕ್ಕಿ ಗೆರೆ, ಬಾಯ್ಮಾತಿನ ಕಥೆಯಾದರೆ ಪಟ್ಟಿಯ ಹೊರಗೆ ಅಂಚಿನಲ್ಲಿ ಟಿಪ್ಪಣಿ. ಈ ಒಂದು ಶಿಸ್ತು ಕೈಬಿಟ್ಟರೆ ಮುಂದೆ ಎಲ್ಲವೂ ಕಲಸಿಹೋಗುತ್ತದೆ.

ಆಮೇಲೆ ನಿಮ್ಮ ಮನೆಯಿಂದ ಐದು ಕಿಲೋಮೀಟರಿನೊಳಗಿರುವ ದೇವಸ್ಥಾನ, ಬಸದಿ, ಮಸೀದಿ, ಇಗರ್ಜಿ, ಗುತ್ತು (ಊರ ಮುಖ್ಯಸ್ಥ ಮನೆತನದ ಮನೆ), ಕೋಟೆ, ಹಳೆಯ ಧಕ್ಕೆ (ದೋಣಿ, ಹಡಗು ನಿಲ್ಲುವ ಕಟ್ಟೆ) ಇವುಗಳ ಹೆಸರು ಬರೆದುಕೊಳ್ಳಿ. ಯಾವ ಕಾಲಘಟ್ಟ ಓದಿದರೂ ಈ ಪಟ್ಟಿಯಿಂದ ಕನಿಷ್ಠ ಒಂದು ಜಾಗ ಅದಕ್ಕೆ ಸೇರಬೇಕು. ಕಣ್ಣಿಗೆ ಕಾಣುವ ಜಾಗಕ್ಕೆ ಅಂಟಿದ ಇಸವಿ ಮರೆಯುವುದಿಲ್ಲ.

ಹಿಂದಕ್ಕೆ ಓದಿ: 1974ರಿಂದ ಶುರು

ಹೆಚ್ಚಿನವರು ಆಳುಪರಿಂದ ಆರಂಭಿಸಿ ವಿಜಯನಗರಕ್ಕೆ ಬರುವಷ್ಟರಲ್ಲಿ ದಣಿದು ನಿಲ್ಲಿಸುತ್ತಾರೆ. ತಿಳಿದದ್ದರಿಂದ ತಿಳಿಯದ್ದಕ್ಕೆ, ಅಂದರೆ ಇತ್ತೀಚಿನಿಂದ ಹಿಂದಕ್ಕೆ ಹೋಗುವುದೇ ಒಳ್ಳೆಯದು. ಮೊದಲ ದಾಖಲೆ ನಿಮ್ಮ ಮನೆಯ ಕಪಾಟಿನಲ್ಲೇ ಇರಬಹುದು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಈ ಜಿಲ್ಲೆಯನ್ನು ಬದಲಿಸಿದಷ್ಟು ಬೇರೆ ಯಾವುದೂ ಬದಲಿಸಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಗೇಣಿದಾರರು ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿ, ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಇಂದಿಗೂ 'ಡಿಕ್ಲರೇಷನ್ ಆದ ಜಾಗ' ಎಂದು ಹೇಳುವುದು ಇದನ್ನೇ. ಹಳೆಯ ಮೂಲಗೇಣಿ ಚೀಟು, ಚಾಲಗೇಣಿ ಚೀಟು, ಅಡಂಗಲ್ (ಊರಿನ ಜಮೀನು ದಾಖಲೆ) ಪ್ರತಿ, ನ್ಯಾಯಮಂಡಳಿಯ ಆದೇಶ ಮನೆಯಲ್ಲಿದ್ದರೆ ಅವನ್ನು ಒಟ್ಟಿಗೆ ಹರಡಿ ಓದಿ. ಮೂಲಗೇಣಿ ಎಂದರೆ ಕಾಯಂ ಗೇಣಿ, ಗೇಣಿಯ ಮೊತ್ತ ಏರುವುದಿಲ್ಲ. ಚಾಲಗೇಣಿ ಎಂದರೆ ವರ್ಷ ವರ್ಷಕ್ಕೆ ಬದಲಾಗಬಹುದಾದದ್ದು, ಬಿಡಿಸಲೂಬಹುದು. ಈ ವ್ಯತ್ಯಾಸ ಗೊತ್ತಾದರೆ ಹದಿನೈದನೆಯ ಶತಮಾನದ ಶಾಸನದಲ್ಲಿ ಬರುವ 'ಮೂಲ' ಎಂಬ ಪದವೂ ಅರ್ಥವಾಗುತ್ತದೆ. ಇದರ ಜೊತೆಗೆ ಅಳಿಯಕಟ್ಟನ್ನೂ (ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿಯುವ ಕ್ರಮ) 1949ರ ಮದರಾಸು ಅಳಿಯಸಂತಾನ ಕಾಯಿದೆಯನ್ನೂ ಓದಿಕೊಳ್ಳಿ. ಆಸ್ತಿ ಕುಟುಂಬದೊಳಗೆ ಹೇಗೆ ಹರಿಯಿತು ಎಂದು ಗೊತ್ತಿಲ್ಲದೆ ಗುತ್ತಿನ ಮನೆಗಳ ಚರಿತ್ರೆ ಬಿಡಿಸಲು ಬರುವುದಿಲ್ಲ.

ಇದೇ ಘಟ್ಟದಲ್ಲಿ ಗುರುತಿಸಿಕೊಳ್ಳಬೇಕಾದ ಇಸವಿಗಳು ಇನ್ನೂ ಕೆಲವಿವೆ. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ ಮಂಗಳೂರಿನಲ್ಲಿ ಸಂಸ್ಥೆ ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕುಗಳ ಮೂಲ ಸಂಸ್ಥೆಗಳು ಹುಟ್ಟಿದವು. 1907ರಲ್ಲಿ ರೈಲು ಬಂತು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿ ಕ್ಷೇತ್ರವನ್ನು ಪ್ರತಿಷ್ಠಾಪಿಸಿದರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಸೇರಿದವು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು.

1799–1862: ಕಾಗದದ ಕಾಲ

ಟಿಪ್ಪು ಬಿದ್ದ ಮೇಲೆ ಕೆನರಾ (ಈ ಕರಾವಳಿ ಸೀಮೆಗೆ ಆಗಿನ ಹೆಸರು) ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಊರೂರು ತಿರುಗಿ ಬೆಳೆ, ಗೇಣಿ, ಜಾತಿ, ನೇಗಿಲು ಎಲ್ಲವನ್ನೂ ಬರೆದಿಟ್ಟ. ಅವನ ಬರಹದಲ್ಲಿ ಊರ ಹೆಸರುಗಳ ಕಾಗುಣಿತ ವಿಚಿತ್ರವಾಗಿರುತ್ತದೆ. ಜೋರಾಗಿ ಓದಿ ಕಿವಿಯಿಂದ ಗುರುತಿಸಬೇಕು, ಕಣ್ಣಿನಿಂದಲ್ಲ.

1834 ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಕೊಡಗನ್ನು ಕಂಪನಿ ಕಿತ್ತುಕೊಂಡದ್ದು ಆಗಲೇ, ಕ್ರೈಸ್ತ ಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದದ್ದೂ ಆಗಲೇ. ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಮತ್ತೆ ಕೆನರಾಕ್ಕೆ ಸೇರಿದವು. ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ನಗದಿನಲ್ಲಿ ಕೇಳಲಾಯಿತು. ರೈತ ಪೇಟೆಗೆ ಹೋಗಿ ಭತ್ತ ಮಾರಿ ಹಣ ತರಬೇಕು, ಕೊಯ್ಲಿನ ಹೊತ್ತಿಗೆ ಬೆಲೆ ಬಿದ್ದಿರುತ್ತದೆ. ಮೂರೇ ವರ್ಷದಲ್ಲಿ, 1837ರ ಏಪ್ರಿಲ್ 5ರಂದು, ದಂಡೆದ್ದ ರೈತರು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿ ಹದಿಮೂರು ದಿನ ಊರನ್ನು ಹಿಡಿದಿಟ್ಟರು. ಇದನ್ನು ದಂಗೆಯ ಮುಂದಾಳಿನ ಹೆಸರಿನಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಎಂದು ಕರೆಯುವ ರೂಢಿಯಿದೆ. ಕಾಟಕಾಯಿ ಎಂದರೆ ಕೊಳ್ಳೆ, ಉಪಟಳ. ಅದು ಸೋತವರಿಗೆ ಬೇರೆಯವರು ಇಟ್ಟ ಹೆಸರು. ಟಿಪ್ಪಣಿಯಲ್ಲಿ ಅಮರ ಸುಳ್ಯದ ದಂಗೆ ಎಂದು ಬರೆದು, ಹಳೆಯ ಹೆಸರನ್ನು ಪಕ್ಕದಲ್ಲಿ ಇಡಿ. ಹೆಸರಿನೊಳಗೇ ಒಂದು ತೀರ್ಪು ಅಡಗಿರುತ್ತದೆ.

ಮಿಷನ್‌ನ ಬಗ್ಗೆ ಓದುವಾಗ 1843ರ ಜುಲೈ 1 (ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ) ಮತ್ತು 1865 (ಹೆಂಚಿನ ಕಾರ್ಖಾನೆ) ಗುರುತಿಸಿ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಇದಕ್ಕೆ ಹತ್ತಿರದ ಆಕರ.

ಇನ್ನು ಕೆಲವರು ತಿಂಗಳುಗಟ್ಟಲೆ ಕಳೆದುಕೊಳ್ಳುವುದು ಎಲ್ಲೆಂದರೆ ಗಡಿಯಲ್ಲಿ. 1860ರ ಹೊತ್ತಿಗೆ ಕೆನರಾ ಉತ್ತರ, ದಕ್ಷಿಣ ಎಂದು ಎರಡಾಯಿತು. 1862ರಲ್ಲಿ ಉತ್ತರ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ಕುಂದಾಪುರ ತಾಲೂಕು ಮಾತ್ರ ದಕ್ಷಿಣಕ್ಕೆ ಮರಳಿತು. ದಕ್ಷಿಣ ಭಾಗ ಮದರಾಸು ಪ್ರಾಂತ್ಯದಲ್ಲೇ ಉಳಿಯಿತು. ಅದರಿಂದಾಗಿ ಮಂಗಳೂರು, ಉಡುಪಿಯ ಹಳೆಯ ಕಡತ ಹುಡುಕುವವರು ಬೆಂಗಳೂರಿನಲ್ಲಿ ಕಾಯುವ ಬದಲು ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ದಾಖಲೆಗಾರಕ್ಕೆ ಹೋಗಬೇಕು.

1763–1799: ಬಿಸಿಯಾದ ಮೂವತ್ತಾರು ವರ್ಷ

ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರನ್ನು 1763ರಲ್ಲಿ ಗೆದ್ದ. ಅದರೊಡನೆ ಮಂಗಳೂರಿನ ಬಂದರೂ ಅವನದಾಯಿತು. 1768ರಲ್ಲಿ ಇಂಗ್ಲಿಷರು ಹಿಡಿದರು, ಕಳೆದುಕೊಂಡರು. 1783ರಲ್ಲಿ ಮತ್ತೆ ಹಿಡಿದರು. ಆ ವರ್ಷದ ಮೇ ತಿಂಗಳಿಂದ ಟಿಪ್ಪು ಕೋಟೆಗೆ ಮುತ್ತಿಗೆ ಹಾಕಿದ, ಕರ್ನಲ್ ಕ್ಯಾಂಪ್‌ಬೆಲ್ 1784ರ ಜನವರಿಯಲ್ಲಿ ಶರಣಾದ, ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ಇವೆರಡರ ನಡುವೆ, ಫೆಬ್ರುವರಿ 24ರಂದು, ಕೆನರಾದ ಕ್ರೈಸ್ತರ ಬಂಧನ ಆರಂಭವಾಯಿತು. ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದವರ ಸಂಖ್ಯೆ ಒಂದೊಂದು ಮೂಲದಲ್ಲಿ ಒಂದೊಂದು: 30,000ದಿಂದ 80,000ದವರೆಗೆ.

ಈ ಕಾಲವನ್ನು ಜಗಳಕ್ಕೆ ಬಳಸುವವರು ಬಹಳ, ಓದುವವರು ಕಡಿಮೆ. ಒಂದು ಪುಟದಲ್ಲಿ ಮೂರು ಅಂಕಣ ಹಾಕಿ: ಇಂಗ್ಲಿಷ್ ಸೈನ್ಯದ ವರದಿ ಏನು ಹೇಳುತ್ತದೆ, ಮೈಸೂರಿನ ಕಡೆಯ ಬರಹ ಏನು ಹೇಳುತ್ತದೆ, ಇಗರ್ಜಿ ಮತ್ತು ಕುಟುಂಬಗಳ ನೆನಪು ಏನು ಹೇಳುತ್ತದೆ. ಪ್ರತಿ ಘಟನೆಗೂ ತಿಂಗಳು, ದಿನ ಬರೆಯಿರಿ. ತಿಂಗಳುಗಳನ್ನು ಸಾಲಾಗಿ ಇಟ್ಟಾಗ ಯುದ್ಧದ ಯಾವ ಹಂತದಲ್ಲಿ ಏನಾಯಿತು ಎಂಬುದು ತಾನೇ ಕಾಣುತ್ತದೆ. ಬರೇ '1784' ಎಂದು ಬರೆದರೆ ಏನೂ ಕಾಣುವುದಿಲ್ಲ. ನೋಡಲು ಬೋಳೂರಿನ ಸುಲ್ತಾನ್ ಬತ್ತೇರಿ, ಬೆಳ್ತಂಗಡಿ ಹತ್ತಿರದ ಜಮಲಾಬಾದ್ ಕೋಟೆ ಇವೆ.

1498–1763: ಅಕ್ಕಿ, ಮೆಣಸು, ರಾಣಿಯರು

ಪೋರ್ಚುಗೀಸರು ಬಂದದ್ದು ಮೆಣಸಿಗೆ ಎಂದು ಎಲ್ಲರೂ ಹೇಳುತ್ತಾರೆ. ಈ ಕರಾವಳಿಯಲ್ಲಿ ಅವರಿಗೆ ಅಷ್ಟೇ ಬೇಕಾಗಿದ್ದದ್ದು ಅಕ್ಕಿ. ಬಸರೂರು, ಮಂಗಳೂರಿನ ಅಕ್ಕಿ ಗೋವೆಯ ಹೊಟ್ಟೆ ತುಂಬಿಸುತ್ತಿತ್ತು. ಅವರು ಇಲ್ಲಿನ ಅರಸರಿಂದ ಕಪ್ಪವನ್ನು ಅಕ್ಕಿಮುಡಿಗಳಲ್ಲಿ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಕೇಳಿದ್ದೂ ಅದಕ್ಕೇ. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಮಂಗಳೂರು, ಬಸರೂರುಗಳಿಂದ ಹೊರಗಟ್ಟಿದ. 1665ರಲ್ಲಿ ಶಿವಾಜಿಯ ಹಡಗುಗಳು ಬಸರೂರನ್ನು ಕೊಳ್ಳೆ ಹೊಡೆದವು. ಅಷ್ಟು ದೂರದಿಂದ ಬಂದು ಕೊಳ್ಳೆ ಹೊಡೆಯುವಷ್ಟು ಸಿರಿ ಆ ಊರಿನಲ್ಲಿತ್ತು.

ಇಲ್ಲಿ ಬಹುಮಂದಿ ಮಾಡುವ ತಪ್ಪು ಉಳ್ಳಾಲದ ರಾಣಿಯದು. 1560ರ ದಶಕದಲ್ಲಿ ಪೋರ್ಚುಗೀಸರ ವಿರುದ್ಧ ನಿಂತ ರಾಣಿಯನ್ನೂ, 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡ ರಾಣಿಯನ್ನೂ ಒಬ್ಬಳೇ ಎಂದು ಬರೆದುಬಿಡುತ್ತಾರೆ. ಕಾಲಪಟ್ಟಿಯಲ್ಲಿ ಎರಡಕ್ಕೂ ಚುಕ್ಕೆ ಇಡಿ, ನಡುವೆ ಐದು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬರುತ್ತದೆ. ದೆಲ್ಲಾ ವಾಲ್ಲೆ ಕಂಡಾಕೆಗೆ ಅವನೇ ಕೊಟ್ಟ ಅಂದಾಜು ಸುಮಾರು ನಲ್ವತ್ತು ವರ್ಷ. ಅಂದರೆ ಮೊದಲ ಹೋರಾಟದ ಹೊತ್ತಿಗೆ ಆಕೆ ಹುಟ್ಟಿರಲೇ ಇಲ್ಲ. ಅವನು ಆಕೆಯನ್ನು ಭೇಟಿಯಾದದ್ದು ಮಾಣೇಲಿನಲ್ಲಿ. ಬರಿಗಾಲು, ಮೈಮೇಲೆ ಸಾದಾ ಬಿಳಿ ಬಟ್ಟೆ. ಆಕೆ ಹೊರಟಿದ್ದದ್ದು ಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆ ನೋಡಲು. ಈ ನೆಲದ ಅರಸೊತ್ತಿಗೆ ಹೇಗಿತ್ತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಇಬ್ಬರು ರಾಣಿಯರನ್ನು ಇಬ್ಬರಾಗಿಯೇ ಇಟ್ಟರೆ ಇಬ್ಬರ ಘನತೆಯೂ ಉಳಿಯುತ್ತದೆ.

ವಿಜಯನಗರ ಮತ್ತು ಬಸದಿಗಳು

ವಿಜಯನಗರದ ಅರಸರು ಈ ಸೀಮೆಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಮಾಡಿ ಒಡೆಯರನ್ನು ನೇಮಿಸಿದರು. ಬಾರಕೂರಿಗೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಊರನ್ನು ದೇವಸ್ಥಾನಗಳ ಪಟ್ಟಿಯಾಗಿ ಸುತ್ತಬೇಡಿ, ಕೇರಿಗಳ ಪ್ರಕಾರ ನಡೆಯಿರಿ: ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ. ಶಾಸನಗಳಲ್ಲಿ ಕೇರಿಗಳೇ ದಾನಕ್ಕೆ ಸಾಕ್ಷಿಯಾಗುತ್ತವೆ, ಹಣ ಇಡುತ್ತವೆ, ನ್ಯಾಯ ಹೇಳುತ್ತವೆ. ಕತ್ತಲೆ ಬಸದಿಯಿಂದ ಸೀತಾನದಿಯ ಕಡೆಗೆ ನಡೆದರೆ ಇದು ಬಂದರು ನಗರ ಯಾಕಾಯಿತು ಎಂದು ಹೇಳಿಕೊಡಬೇಕಾಗಿಲ್ಲ.

ಶಾಸನಗಳಲ್ಲಿ 'ಕಾಟಿ ಗದ್ಯಾಣ', 'ಬಾರಕೂರ ಗದ್ಯಾಣ', ಇಂತಿಷ್ಟು ಹಾನೆಯ (ಧಾನ್ಯ ಅಳೆಯುವ ಮಾನ) ಮುಡಿ ಎಂಬ ಲೆಕ್ಕಗಳು ಬರುತ್ತವೆ. ಇವನ್ನು ಇಂದಿನ ರೂಪಾಯಿಗೋ ಕಿಲೋಗೋ ಪರಿವರ್ತಿಸಲು ಹೋಗಬೇಡಿ. ಮುಡಿಯ ಅಳತೆ ಊರಿಂದ ಊರಿಗೆ ಬೇರೆ, ಅದಕ್ಕೇ ಶಾಸನವೇ ಎಷ್ಟು ಹಾನೆಯ ಮುಡಿ ಎಂದು ಹೇಳುತ್ತದೆ. ಒಂದೇ ಊರಿನ ಎರಡು ಶಾಸನಗಳನ್ನು ಹೋಲಿಸಿ, ಅಷ್ಟು ಸಾಕು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು, ಕಾರ್ಕಳದ ಗೊಮ್ಮಟ 1432ರದು, ಚತುರ್ಮುಖ ಬಸದಿ 1586ರದು, ವೇಣೂರಿನ ಗೊಮ್ಮಟ 1604ರದು. ಕೊನೆಯ ಎರಡೂ 1565ರ ತಾಳಿಕೋಟೆಯ ನಂತರದವು. ವಿಜಯನಗರ ಬಿದ್ದೊಡನೆ ಎಲ್ಲ ಮುಗಿಯಿತು ಎಂಬ ಪಾಠ ಇಲ್ಲಿಗೆ ಹೊಂದುವುದಿಲ್ಲ ಎಂಬುದಕ್ಕೆ ಈ ಎರಡು ಇಸವಿಗಳೇ ಸಾಕ್ಷಿ.

ಶಕವರ್ಷದ ಲೆಕ್ಕ

ಕಾರ್ಕಳದ ಗೊಮ್ಮಟನ ಶಾಸನದಲ್ಲೇ ಕಲಿಯೋಣ. ಅದರಲ್ಲಿರುವುದು ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಶಕವರ್ಷಕ್ಕೆ 78 ಕೂಡಿಸಿ ಎಂದು ಎಲ್ಲರೂ ಹೇಳುತ್ತಾರೆ: 1431 ಬರುತ್ತದೆ. ಆದರೆ ಪ್ರತಿಷ್ಠೆ ಆದದ್ದು 1432ರ ಫೆಬ್ರುವರಿ 13ರಂದು. ಶಕವರ್ಷ ಯುಗಾದಿಗೆ ಶುರುವಾಗುವುದರಿಂದ ಮಾಘ, ಫಾಲ್ಗುಣಗಳು (ಪುಷ್ಯದ ಕೊನೆಯ ಭಾಗವೂ) ಮುಂದಿನ ಇಸವಿಯ ಜನವರಿಯ ನಂತರ ಬೀಳುತ್ತವೆ. ಅಲ್ಲಿ 79 ಕೂಡಿಸಬೇಕು. ಪುಸ್ತಕಗಳಲ್ಲಿ ಒಂದೇ ಶಾಸನಕ್ಕೆ ಎರಡು ಇಸವಿ ಕಂಡರೆ ಹತ್ತರಲ್ಲಿ ಬಹುಪಾಲು ಇದೇ ಕಾರಣ.

ಸಂವತ್ಸರವನ್ನೂ ಪರೀಕ್ಷಿಸಿ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. 1353 + 12 = 1365; 60ರಿಂದ ಭಾಗಿಸಿದರೆ 45 ಉಳಿಯುತ್ತದೆ; ನಲ್ವತ್ತೈದನೆಯದು ವಿರೋಧಿಕೃತ್. ಹೊಂದಿತು. ಒಂದು ಸಂಖ್ಯೆ ಹಿಂದೆ ಮುಂದೆ ಆದರೆ ಗಾಬರಿ ಬೇಡ, ಬರೆದವರು ಕಳೆದ ವರ್ಷದ ಬದಲು ನಡೆಯುತ್ತಿರುವ ವರ್ಷ ಎಣಿಸಿದ್ದಾರೆ. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಂಕಿಯನ್ನು ತಪ್ಪಾಗಿ ಓದಿರುವ ಸಂಭವವೇ ಹೆಚ್ಚು. ಕಲ್ಲಿನ ಹತ್ತಿರ ಮರಳಿ ಹೋಗಿ.

ಆಳುಪರು: ಕೊನೆಗೆ, ಆದರೆ ನಿಧಾನವಾಗಿ

ಆಳುಪರ ಹೆಸರು ಹಲ್ಮಿಡಿ ಶಾಸನದಲ್ಲೇ ಕಾಣಿಸಿಕೊಳ್ಳುತ್ತದೆ. ತುಳುನಾಡಿನೊಳಗೆ ವಡ್ಡರ್ಸೆಯ ಶಾಸನ ಏಳನೆಯ ಶತಮಾನದ್ದು. ಬೆಳ್ಮಣ್ಣಿನ ತಾಮ್ರಪಟ ಎಂಟನೆಯ ಶತಮಾನದ ಆರಂಭದ್ದು, ಕನ್ನಡದ ಅತಿ ಹಳೆಯ ತಾಮ್ರಶಾಸನಗಳ ಸಾಲಿನದು. ಅದರ ಮೇಲಿನ ಜೋಡಿ ಮೀನಿನ ಲಾಂಛನ ನೆನಪಿಟ್ಟುಕೊಳ್ಳಿ, ಅವರ ನಾಣ್ಯಗಳಲ್ಲೂ ಅದೇ ಮೀನುಗಳು. ರಾಜಧಾನಿ ಮಂಗಳೂರು, ಉದ್ಯಾವರ, ಬಾರಕೂರುಗಳ ನಡುವೆ ಓಡಾಡಿತು. ಉದ್ಯಾವರದ ಕಲ್ಲುಗಳಲ್ಲಿ ರಣಸಾಗರ, ಶ್ವೇತವಾಹನರ ನಡುವಿನ ದಾಯಾದಿ ಕಾಳಗದಲ್ಲಿ ಸತ್ತ ವೀರರ ಹೆಸರುಗಳಿವೆ.

ಈ ಕಾಲದಿಂದ ಒಂದೇ ಒಂದು ವಸ್ತುವನ್ನು ಆರಿಸಬೇಕೆಂದರೆ ಕದ್ರಿಯ ಲೋಕೇಶ್ವರ. ಮೂರು ಮುಖ, ಆರು ಕೈಗಳ ಕಂಚಿನ ಮೂರ್ತಿ. ಪೀಠದ ಸಂಸ್ಕೃತ ಶಾಸನದಲ್ಲಿ ಕಲಿವರ್ಷ 4068 ಕಳೆದ ಮೇಲೆ ಆಳುಪ ಕುಂದವರ್ಮ ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ ಎಂದಿದೆ. ಕಲಿವರ್ಷದಿಂದ 3101 ಕಳೆದರೆ 967. ತಿಂಗಳು ಜನವರಿಯಾದ್ದರಿಂದ 968. ವಿಹಾರ, ಲೋಕೇಶ್ವರ ಎಂಬ ಪದಗಳು ಬೌದ್ಧರವು. ಅದೇ ಶಾಸನದಲ್ಲಿ ಅರಸ ತನ್ನನ್ನು ಚಂದ್ರಮೌಳಿಯ ಪಾದಕಮಲದ ದುಂಬಿ ಎಂದು ಕರೆದುಕೊಳ್ಳುತ್ತಾನೆ. ಇಂದು ಮೂರ್ತಿ ಇರುವುದು ಮಂಜುನಾಥನ ದೇವಸ್ಥಾನದಲ್ಲಿ, ಎತ್ತರದಲ್ಲಿ ನಾಥಪಂಥದ ಜೋಗಿ ಮಠ. ಒಂದು ಧರ್ಮ ಬಂದು ಇನ್ನೊಂದನ್ನು ಅಳಿಸಿತು ಎಂಬ ಸರಳ ಕಥೆ ಹಿಡಿದು ಹೋದವರು ಈ ಪೀಠದ ಮುಂದೆ ನಿಂತು ಆ ಕಥೆಯನ್ನು ಮತ್ತೆ ಯೋಚಿಸಬೇಕಾಗುತ್ತದೆ.

ಇದೇ ಕಾಲಘಟ್ಟದ ಕಡಲ ಸಾಲಿಗೆ ಅಬ್ರಹಾಂ ಬೆನ್ ಯೀಜು ಬರುತ್ತಾನೆ. 1130–40ರ ದಶಕಗಳಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ. ಅವನ ಪತ್ರಗಳು ಕೈರೋದ ಸಿನಗಾಗ್ ಒಂದರ ಕಾಗದದ ರಾಶಿಯಲ್ಲಿ ಉಳಿದವು. ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿಂದ ಹಾದುಹೋದ. ಉಡುಪಿಯ ಮಧ್ವಾಚಾರ್ಯರೂ ಆಳುಪರ ಕಾಲದವರೇ. ಅಷ್ಟಮಠಗಳ ಎರಡು ವರ್ಷದ ಪರ್ಯಾಯ ಮಾತ್ರ ಆಮೇಲೆ, ಹದಿನಾರನೆಯ ಶತಮಾನದಲ್ಲಿ ವಾದಿರಾಜರು ತಂದ ಕ್ರಮ. ಇವೆರಡನ್ನು ಒಂದೇ ಕಾಲಕ್ಕೆ ಸೇರಿಸುವುದು ಸಾಮಾನ್ಯ ತಪ್ಪು.

ಪಾಡ್ದನಕ್ಕೆ ಇಸವಿ ಹಚ್ಚಬೇಡಿ

ಪಾಡ್ದನಗಳಿಂದ (ತುಳುವಿನ ಬಾಯ್ದೆರೆಯ ಕಥನಹಾಡುಗಳು) ಇಸವಿ ತೆಗೆಯಲು ಹೋದರೆ ಪಾಡ್ದನವೂ ಕೆಡುತ್ತದೆ, ಇತಿಹಾಸವೂ ಕೆಡುತ್ತದೆ. ಅವು ಕೊಡುವುದು ಬೇರೆಯೇ: ಬಲ್ಲಾಳನ ಚಾವಡಿಯಲ್ಲಿ ಯಾರು ಎಲ್ಲಿ ನಿಲ್ಲಬೇಕಿತ್ತು, ಗದ್ದೆಯ ಕಟ್ಟಪುಣಿಯ (ಬದುವಿನ) ಮೇಲೆ ಜಗಳ ಹೇಗೆ ಶುರುವಾಗುತ್ತಿತ್ತು, ಯಾವ ಊರಿಂದ ಯಾವ ಊರಿಗೆ ದಾರಿಯಿತ್ತು. ಇದನ್ನು ಯಾವ ಶಾಸನವೂ ಹೇಳುವುದಿಲ್ಲ. ಅಳಿಯಕಟ್ಟು ತಂದನೆಂದು ಐತಿಹ್ಯ ಹೇಳುವ ಅರಸ ಭೂತಾಳಪಾಂಡ್ಯನಿಗೆ ಕ್ರಿಸ್ತಶಕದ ಮೊದಲ ಶತಮಾನದ ಇಸವಿ ಕೊಡುವ ರೂಢಿಗೂ ಶಾಸನದ ಆಧಾರವಿಲ್ಲ. ಅವನನ್ನು ಪಟ್ಟಿಯ ಅಂಚಿನಲ್ಲಿಡಿ. ಮತ್ತೊಂದು ಮಾತು: ಇಲ್ಲಿನ ಶಾಸನಗಳಲ್ಲಿ ಬಹುಪಾಲು ಕನ್ನಡದಲ್ಲಿವೆ ಎಂಬ ಕಾರಣಕ್ಕೆ ಜನ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರು ಎಂದು ಬರೆಯಬೇಡಿ. ಬರೆಯುವ ಭಾಷೆ ಬೇರೆ, ಆಡುವ ಭಾಷೆ ಬೇರೆ ಎಂಬುದು ತುಳುವರಿಗೆ ಹೊಸದಲ್ಲ.

ಕಲ್ಲಿನ ಮುಂದೆ ನಿಂತಾಗ

ಮೊದಲು ಆಡಳಿತದವರ ಅನುಮತಿ ಕೇಳಿ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ, ಎಣ್ಣೆ, ಹಿಟ್ಟು ಹಚ್ಚಬೇಡಿ. ಕಲ್ಲಿನ ರಂಧ್ರಕ್ಕೆ ಇಳಿದದ್ದು ಹೊರಬರುವುದಿಲ್ಲ, ಪಾಚಿಗೆ ಅದೇ ಆಹಾರ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಬದಿಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಮಧ್ಯಾಹ್ನ ಕಾಣದ ಸಾಲುಗಳು ನೆರಳಿನಿಂದ ಮೇಲೇಳುತ್ತವೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬೆಳಕು ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ.

ವಿಜಯನಗರ ಕಾಲದ ಕಲ್ಲು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ನಡೆಯುತ್ತದೆ: ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗವೋ ಜಿನಬಿಂಬವೋ, ಆಮೇಲೆ ಸ್ವಸ್ತಿಶ್ರೀ, ಶಕವರ್ಷ, ಮಹಾರಾಯನ ಹೆಸರು, ಬಾರಕೂರು ಅಥವಾ ಮಂಗಳೂರು ರಾಜ್ಯದ ಒಡೆಯನ ಹೆಸರು, ದಾನದ ವಿವರ, ಚತುಸ್ಸೀಮೆ (ಜಾಗದ ನಾಲ್ಕು ಗಡಿ), ಕೊನೆಗೆ ದಾನ ಕಿತ್ತುಕೊಂಡವರಿಗೆ ಶಾಪ. ಮೊದಲ ಸಲ ಓದುವವರು ಅರಸನ ಹೆಸರನ್ನು ಹುಡುಕುತ್ತಾರೆ. ಚತುಸ್ಸೀಮೆಯನ್ನು ಹುಡುಕಿ. ಅಲ್ಲಿ ಬರುವ ತೋಡು, ಬೈಲು, ಕಲ್ಲು, ಮರದ ಹೆಸರುಗಳಲ್ಲಿ ಒಂದೆರಡು ಇಂದೂ ಗದ್ದೆಯ ಹೆಸರಾಗಿ ಉಳಿದಿರುತ್ತವೆ. ಓದಿದ್ದನ್ನು ಪುರಾತತ್ವ ಇಲಾಖೆಯ ದಕ್ಷಿಣ ಭಾರತ ಶಾಸನಗಳು ಮಾಲೆಯ 7ನೇ ಸಂಪುಟದೊಂದಿಗೆ ಹೋಲಿಸಿ. ಈ ಜಿಲ್ಲೆಯ ಬಹಳಷ್ಟು ಪಾಠಗಳು ಅದರಲ್ಲಿವೆ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ವಿಚಾರಿಸಿ.

ವಾರಕ್ಕೆ ನಾಲ್ಕು ಗಂಟೆ ಇಟ್ಟುಕೊಂಡರೆ ಒಂದೊಂದು ಘಟ್ಟಕ್ಕೆ ಆರು ವಾರ ಬೇಕು, ಆಳುಪರಿಗೆ ಮತ್ತು ವಿಜಯನಗರಕ್ಕೆ ಎಂಟೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಕೆಲಸ, ನವೆಂಬರ್‌ನಿಂದ ಕಲ್ಲಿನ ಕೆಲಸ. ಮಳೆಗಾಲದಲ್ಲಿ ಪಾಚಿ ಹಿಡಿದ ಶಾಸನವನ್ನು ಕೆರೆಯಲು ಯಾರಾದರೂ ಕತ್ತಿ ತಂದರೆ ದಯವಿಟ್ಟು ತಡೆಯಿರಿ.

ನಿಮ್ಮ ಐದು ಕಿಲೋಮೀಟರಿನೊಳಗೆ ಯಾವುದಾದರೂ ದೇವಸ್ಥಾನದಲ್ಲೋ ದೈವಸ್ಥಾನದಲ್ಲೋ ಜೀರ್ಣೋದ್ಧಾರ ಶುರುವಾಗುವ ಸುದ್ದಿ ಬಂದರೆ ಓದುವುದನ್ನೆಲ್ಲ ಪಕ್ಕಕ್ಕಿಟ್ಟು ಆ ವಾರವೇ ಹೋಗಿ. ಹಳೆಯ ಪಂಚಾಂಗ (ಕಟ್ಟಡದ ಅಡಿಪಾಯ) ಕೀಳುವಾಗ ಶಾಸನದ ಕಲ್ಲುಗಳು ಮೆಟ್ಟಿಲಾಗುವುದು, ಸಿಮೆಂಟಿನಡಿ ಸೇರುವುದು, ಬಣ್ಣ ಬಳಿಸಿಕೊಳ್ಳುವುದು ಆಗಲೇ. ಸಮಿತಿಯವರಿಗೆ ಹೇಳಬೇಕಾದದ್ದು ಇಷ್ಟೇ: ಬರಹವಿರುವ ಕಲ್ಲನ್ನು ಒಂದು ಬದಿಗೆ ಎತ್ತಿಡಿ, ಬರಹದ ಮುಖ ನೆಲಕ್ಕೆ ತಾಗದಂತೆ ಮರದ ತುಂಡುಗಳ ಮೇಲೆ ಇಡಿ, ಮೊದಲು ಎಲ್ಲಿತ್ತು ಎಂದು ಒಂದು ಫೋಟೋ ತೆಗೆದಿಡಿ, ಕೆಲಸ ಮುಗಿದ ಮೇಲೆ ಅಂಗಳದಲ್ಲೇ ನಿಲ್ಲಿಸಿ.